ಬೆರಳೊಂದು ಹೇಳಿತು, ರಕ್ತವೊಂದು ಹೇಳಿತು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಐಸಿಯುವಿನ ಗೋಡೆಗಳಿಗೂ ಗೊತ್ತು. ಇಪ್ಪತ್ತಾರು ವರ್ಷ ನರ್ಸ್ ಆಗಿ ದುಡಿದವಳ ಮೂಗಿನ ತುದಿಯಲ್ಲಿ ಕೋಪವಲ್ಲದೆ ಜೇನುತುಪ್ಪ ಇರುತ್ತದೆಯೇ? ಆದರೆ ಆ ವಾರ ನಾನು ಹಲ್ಲು ಕಡಿದದ್ದು ಯಾವ ಮನುಷ್ಯರ ಮೇಲೂ ಅಲ್ಲ, ಎರಡು ಅಂಕಿಗಳ ಮೇಲೆ. ನಾಲ್ಕನೇ ಬೆಡ್ಡಿನ ರೋಗಿಯ ಬೆರಳು ತೊಂಬತ್ತಾರು ಎನ್ನುತ್ತಿತ್ತು. ಅದೇ ರೋಗಿಯ ರಕ್ತ ಎಂಬತ್ತೇಳು ಎನ್ನುತ್ತಿತ್ತು.

ವೆಂಟಿಲೇಟರ್ ಮೇಲಿರುವವರ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತಿಳಿಯಲು ನಮಗೆ ಎರಡು ದಾರಿ. ಒಂದು, ಬೆರಳಿಗೆ ಹಾಕುವ ಕ್ಲಿಪ್. ಅದರ ಕೆಂಪು ದೀಪ ಉಗುರಿನೊಳಗೆ ತೂರಿ, ನೂರಕ್ಕೆ ಇಷ್ಟು ಎಂದು ಪರದೆಯ ಮೇಲೆ ಸದಾ ತೋರಿಸುತ್ತಿರುತ್ತದೆ. ಇನ್ನೊಂದು, ಮಣಿಕಟ್ಟಿನ ರಕ್ತನಾಳದಿಂದ ಸಿರಿಂಜಿನಲ್ಲಿ ಒಂದಿಷ್ಟು ರಕ್ತ ತೆಗೆದು ಯಂತ್ರಕ್ಕೆ ಕೊಡುವುದು. ಮೊದಲನೆಯದು ಸುಲಭ, ಎರಡನೆಯದು ಖಚಿತ. ಎರಡೂ ಸಾಮಾನ್ಯವಾಗಿ ಹೆಚ್ಚುಕಡಿಮೆ ಒಂದೇ ಮಾತು ಆಡುತ್ತವೆ. ನಾಲ್ಕನೇ ಬೆಡ್ಡಿನಲ್ಲಿ ಮಾತ್ರ ಮೂರು ದಿನದಿಂದ ಎಣ್ಣೆ ಸೀಗೆಕಾಯಿ ಸಂಬಂಧ.

ಆ ಬೆಡ್ಡಿನಲ್ಲಿದ್ದವರು ಆಸ್ಪತ್ರೆಯ ಗೇಟಿನ ಎದುರಿನ ಕಟಿಂಗ್ ಶಾಪಿನ ಯಜಮಾನರು. ಗಿರಾಕಿಗಳು ಅವರಿಗೆ ಇಟ್ಟ ಹೆಸರು ರೇಡಿಯೊ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿದ ಕೂಡಲೇ ಅವರ ಬಾಯಿ ಆನ್ ಆಗುತ್ತಿತ್ತಂತೆ. ಬಟ್ಟೆ ಬಿಚ್ಚಿ ಕೊಡವಿದರೂ ಆಫ್ ಆಗುತ್ತಿರಲಿಲ್ಲವಂತೆ. ಅಂಥವರಿಗೆ ಎರಡೂ ಶ್ವಾಸಕೋಶಕ್ಕೆ ಸೋಂಕು ತಗಲಿ, ಗಂಟಲಿಗೆ ಕೊಳವೆ ಹಾಕಿ ಅಂದಿಗೆ ಹದಿಮೂರು ದಿನ. ಎಚ್ಚರವಿದೆ, ಕಣ್ಣು ಪಿಳಿಪಿಳಿ ಬಿಡುತ್ತಾರೆ, ಹಲಗೆಯ ಮೇಲೆ ಬರೆಯುತ್ತಾರೆ. ಮಾತು ಮಾತ್ರ ಇಲ್ಲ.

ಅವರ ಹೆಂಡತಿ ದಿನಾ ಬೆಳಗ್ಗೆ ಬಂದು ಕಾಲಿನ ಬಳಿ ಕೂರುತ್ತಿದ್ದರು. "ಮೊದಲೆರಡು ದಿನ ಮನೆ ಎಷ್ಟು ಶಾಂತವಾಗಿದೆ ಅನ್ನಿಸ್ತು ಸಿಸ್ಟರ್, ಸುಳ್ಳು ಯಾಕೆ ಹೇಳಲಿ. ಈಗ ಆ ಶಾಂತಿನೇ ನನ್ನ ತಿಂದುಹಾಕ್ತಿದೆ. ಇನ್ನು ಜನ್ಮದಲ್ಲಿ ಇವರಿಗೆ ಬಾಯಿ ಮುಚ್ಚಿ ಅನ್ನಲ್ಲ, ನೋಡಿ."

"ಬರೆದು ಕೊಡಿ, ಸಾಕ್ಷಿ ಸಹಿ ನಾನು ಹಾಕ್ತೀನಿ" ಎಂದಿದ್ದೆ. ಕೊಳವೆ ಇದ್ದರೂ ಯಜಮಾನರ ಹೊಟ್ಟೆ ಕುಲುಕಿತ್ತು. ಹಾಗೆ ನಕ್ಕಾಗಲೂ ಬೆರಳಿನ ಅಂಕಿ ತೊಂಬತ್ತಾರಕ್ಕಿಂತ ಕೆಳಗೆ ಇಳಿದಿರಲಿಲ್ಲ.

ಆದರೆ ನಗುವ ದಿನವಾಗಿರಲಿಲ್ಲ ಅದು. ಕೊಳವೆಯನ್ನು ಗಂಟಲಲ್ಲಿ ಎಷ್ಟು ದಿನ ಇಡಬಹುದು ಎಂಬುದಕ್ಕೊಂದು ಮಿತಿ ಇದೆ. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಅವರ ಕುತ್ತಿಗೆಯಲ್ಲಿ ತೂತು ಮಾಡಿ ಅಲ್ಲಿಂದಲೇ ಉಸಿರಿನ ದಾರಿ ಮಾಡುವುದೆಂದು ಡಾಕ್ಟರ್ ತೀರ್ಮಾನಿಸಿದ್ದರು. ಬೇಕಾದವರಿಗೆ ಅದು ಜೀವ ಉಳಿಸುವ ತೂತು. ನಾನೇ ನೂರಾರು ಜನರನ್ನು ಆ ದಾರಿಯಲ್ಲಿ ಮನೆಗೆ ಕಳಿಸಿದ್ದೇನೆ. ಆದರೆ ಬೇಡದವರಿಗೆ? ಇನ್ನೂ ಮೂರು ವಾರ ಹಾಸಿಗೆ, ಹೊಸ ಸೋಂಕಿನ ಭಯ, ಮೌನ. ಯಜಮಾನರು ಆ ಸುದ್ದಿ ಕೇಳಿ ಹಲಗೆ ತೆಗೆದುಕೊಂಡು ಬರೆದರು: "ಮೂವತ್ತು ವರ್ಷ ಊರಿನ ಕುತ್ತಿಗೆಗಳ ಮೇಲೆಲ್ಲ ಕತ್ತಿ ಆಡಿಸಿದ್ದೇನೆ. ಒಂದು ಗೀರು ಬಿದ್ದಿಲ್ಲ. ನನ್ನ ಕುತ್ತಿಗೆಗೆ ತೂತಾ?" ಹೆಂಡತಿ ಅದನ್ನು ಓದಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನಾನು ಡಾಕ್ಟರ ಬಳಿ ಹೋದೆ. ನನ್ನ ಮಗಳ ವಯಸ್ಸಿನವರು, ಬುದ್ಧಿವಂತೆ, ನನ್ನಷ್ಟೇ ಹಟಮಾರಿ.

"ಮೇಡಂ, ತುಟಿ ಕೆಂಪಗಿದೆ, ಉಸಿರು ಸಲೀಸಾಗಿದೆ, ಬೆರಳು ತೊಂಬತ್ತಾರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಕೊಳವೆ ತೆಗೀರಿ."

"ಸಿಸ್ಟರ್, ಇವತ್ತು ಬೆಳಗಿನ ರಕ್ತ ಎಂಬತ್ತೇಳು. ನಿನ್ನೆ ಎಂಬತ್ತೆಂಟು. ನಿನ್ನೆ ಆಮ್ಲಜನಕ ಏರಿಸಿದ ಮೇಲೂ ಅಷ್ಟೇ."

"ಏರಿಸಿದಾಗ ಬೆರಳು ತೊಂಬತ್ತನಾಲ್ಕರಿಂದ ತೊಂಬತ್ತಾರಕ್ಕೆ ಹೋಯ್ತಲ್ಲ!"

"ಮೈಬಣ್ಣ ಕಪ್ಪಗಿದ್ದರೆ ಆ ಕ್ಲಿಪ್ ಒಂದೊಂದ್ಸಲ ಹೆಚ್ಚು ತೋರಿಸುತ್ತೆ ಅಂತ ನಿಮಗೂ ಗೊತ್ತು. ಹೋದ ವರ್ಷ ಬೆರಳನ್ನ ನಂಬಿ ಒಬ್ಬರ ಕೊಳವೆ ತೆಗೆದೆ. ಅರ್ಧ ಗಂಟೇಲಿ ಮತ್ತೆ ಹಾಕಬೇಕಾಯ್ತು. ಅವರ ಮುಖ ಇನ್ನೂ ಕಣ್ಣ ಮುಂದೆ ಇದೆ. ಬೆರಳು ಸುಳ್ಳು ಹೇಳಬಹುದು ಸಿಸ್ಟರ್, ರಕ್ತ ಹೇಳಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ ಮಾತು ಕೇಳಿದರೆ ನನಗೆ ಕೋಪ ಇನ್ನೂ ಜಾಸ್ತಿ ಬರುತ್ತದೆ. ಕ್ಲಿಪ್ಪನ್ನು ತೋರುಬೆರಳಿಂದ ನಡುಬೆರಳಿಗೆ ಹಾಕಿದೆ, ಎಡಗೈಗೆ ಹಾಕಿದೆ, ಬೇರೆ ಕ್ಲಿಪ್ ತಂದು ಕಿವಿಗೆ ಹಾಕಿದೆ. ಎಲ್ಲಿ ಹಾಕಿದರೂ ತೊಂಬತ್ತಾರು. ನನ್ನ ಬೆರಳಿಗೂ ಹಾಕಿ ನೋಡಿದೆ, ತೊಂಬತ್ತೇಳು ಬಂತು. ರೋಗಿಗೂ ನನಗೂ ಒಂದೇ ಅಂಕಿಯ ವ್ಯತ್ಯಾಸ, ಆದರೆ ಬಾಯಲ್ಲಿ ಕೊಳವೆ ಇರುವುದು ಅವರಿಗೆ. ನನ್ನ ಬಾಯಿಗೊಂದು ಹಾಕಿದ್ದರೆ ಇಡೀ ಆಸ್ಪತ್ರೆ ಸುಖವಾಗಿರುತ್ತಿತ್ತು.

ಹಾಗಾದರೆ ತಪ್ಪು ರಕ್ತದ ಯಂತ್ರದ್ದೇ ಇರಬೇಕು ಎಂದುಕೊಂಡೆ. ನಮ್ಮ ಐಸಿಯುವಿನ ಸ್ವಂತ ಯಂತ್ರ ಮೂರು ದಿನದ ಹಿಂದೆ ಕೈಕೊಟ್ಟು ರಿಪೇರಿಗೆ ಹೋಗಿತ್ತು. ಅಂದಿನಿಂದ ಸಿರಿಂಜುಗಳೆಲ್ಲ ಅಂಗಳದಾಚೆಯ ಕಟ್ಟಡದಲ್ಲಿದ್ದ ದೊಡ್ಡ ಲ್ಯಾಬಿಗೆ ಹೋಗುತ್ತಿದ್ದವು. ನಾನು ಲ್ಯಾಬಿಗೆ ಫೋನ್ ಹಚ್ಚಿ, "ನಿಮ್ಮ ಯಂತ್ರಕ್ಕೆ ಕಣ್ಣು ಮಂಜಾಗಿದೆಯೇನ್ರೀ?" ಎಂದೆ.

ಅಲ್ಲಿನ ಟೆಕ್ನಿಷಿಯನ್ ನನಗಿಂತ ಖಾರದ ಮನುಷ್ಯ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಉಳಿದ ಏಳು ಬೆಡ್ಡಿನ ರಿಪೋರ್ಟ್ ಸರಿಯಾಗಿದೆ ತಾನೇ? ಒಂದು ಬೆಡ್ಡಿಗೆ ಮಾತ್ರ ಮಂಜಾಗೋ ಕಣ್ಣು ಯಾವುದು ಸಿಸ್ಟರ್?" ಎಂದು ಫೋನ್ ಇಟ್ಟುಬಿಟ್ಟರು.

ಇಟ್ಟ ಫೋನಿಗೇ ಎರಡು ಮಾತು ಬೈದೆ. ಬೈದ ಮೇಲೆ ತಲೆಯೊಳಗೆ ಅವರ ಪ್ರಶ್ನೆ ಉಳಿಯಿತು. ಬೆರಳು ಸರಿ, ಯಂತ್ರ ಸರಿ. ಇನ್ನು ಉಳಿದದ್ದು ನಮ್ಮ ಬಾಗಿಲಿಗೂ ಲ್ಯಾಬಿನ ಬಾಗಿಲಿಗೂ ನಡುವಿನ ದಾರಿ. ಆ ದಾರಿಯಲ್ಲಿ ಸಿರಿಂಜ್ ಒಯ್ಯುತ್ತಿದ್ದವರು ನಮ್ಮ ಅಟೆಂಡರಣ್ಣ.

ಅಟೆಂಡರಣ್ಣನ ಬಗ್ಗೆ ಅನುಮಾನ ಪಡುವುದೆಂದರೆ ಗೋಡೆಯ ಗಡಿಯಾರದ ಮೇಲೆ ಕಳ್ಳತನದ ಆರೋಪ ಹೊರಿಸಿದ ಹಾಗೆ. ಇನ್ನೆರಡು ವರ್ಷಕ್ಕೆ ನಿವೃತ್ತಿ, ಇಷ್ಟು ವರ್ಷದಲ್ಲಿ ಒಂದು ಬಾಟಲಿ ಒಡೆದವರಲ್ಲ. ನಿಧಾನವೇ ಪ್ರಧಾನ ಎಂಬುದು ಅವರ ಮಂತ್ರ. ಸ್ಟ್ರೆಚರ್ ತಳ್ಳಿದರೆ ಮೇಲೆ ಮಲಗಿದವರಿಗೆ ನಿದ್ದೆ ಬರಬೇಕು, ಹಾಗೆ ತಳ್ಳುತ್ತಾರೆ. ಆದರೂ ಹನ್ನೆರಡು ಗಂಟೆಯ ರಕ್ತವನ್ನು ನಾನೇ ತೆಗೆದು, ಸಿರಿಂಜನ್ನು ಐಸ್ ಡಬ್ಬಿಯಲ್ಲಿಟ್ಟು ಅವರ ಕೈಗೆ ಕೊಟ್ಟೆ. ಅವರು ಬಾಗಿಲು ದಾಟಿದ ಮೇಲೆ, ಹತ್ತು ಹೆಜ್ಜೆ ಬಿಟ್ಟು ಹಿಂಬಾಲಿಸಿದೆ.

ಮೊದಲ ತಿರುವಿನಲ್ಲೇ ಅವರು ನಿಂತರು. ಹಿಂದೆ ಮುಂದೆ ನೋಡಿ ಡಬ್ಬಿಯ ಮುಚ್ಚಳ ತೆಗೆದರು. ಸಿರಿಂಜನ್ನು ಹೊರತೆಗೆದು, ಕರವಸ್ತ್ರದಿಂದ ಒರೆಸಿ, ಅದೇ ಕರವಸ್ತ್ರದಲ್ಲಿ ಸುತ್ತಿ, ಸ್ವೆಟರಿನ ಒಳಗೆ ಕೈ ಹಾಕಿ ಶರ್ಟಿನ ಎದೆ ಜೇಬಿನಲ್ಲಿ ಇಟ್ಟುಕೊಂಡರು. ಮೇಲಿಂದ ಅಂಗೈಯನ್ನು ಒತ್ತಿಹಿಡಿದು ಹೊರಟರು.

ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಕೂಗಲಿಲ್ಲ. ಏನು ಮಾಡುತ್ತಾರೋ ಪೂರ್ತಿ ನೋಡೋಣ ಎಂದು ಹಲ್ಲು ಕಚ್ಚಿ ನಡೆದೆ. ಮೆಟ್ಟಿಲು ಇಳಿದಿದ್ದರೆ ಎರಡು ನಿಮಿಷದ ದಾರಿ. ಅವರು ಸ್ಟ್ರೆಚರ್ ಹೋಗುವ ಇಳಿಜಾರು ಹಿಡಿದರು. ಎದುರಿಗೆ ಗಾಡಿ ಬಂದರೆ ಗೋಡೆಗೆ ಆನಿಕೊಂಡು ಅದು ಹೋಗುವವರೆಗೆ ಕಾದರು. ಅಂಗಳದಲ್ಲಿ ನೆಲದ ಕಲ್ಲು ಎದ್ದಿದ್ದ ಕಡೆ ಬಿಟ್ಟು, ಔಷಧಿ ಅಂಗಡಿಯ ಹಿಂದಿನಿಂದ ಸುತ್ತು ಹಾಕಿದರು. ತುಂಬಿದ ಕೊಡ ಹೊತ್ತವರು ಕೂಡ ಅವರಿಗಿಂತ ಬೇಗ ನಡೆಯುತ್ತಾರೆ. ನಡುವೆ ಬೆಂಚಿನ ಮೇಲೆ ಕೂತು ಹತ್ತು ಹದಿನೈದು ನಿಮಿಷ ಸುಧಾರಿಸಿಕೊಂಡರು. ಲ್ಯಾಬಿನ ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಗಡಿಯಾರದಲ್ಲಿ ನಲವತ್ತೊಂದು ನಿಮಿಷ ಆಗಿತ್ತು. ಬಾಗಿಲ ಮುಂದೆ ಜೇಬಿನಿಂದ ಸಿರಿಂಜ್ ತೆಗೆದು, ಮತ್ತೆ ಐಸ್ ಡಬ್ಬಿಯೊಳಗೆ ಇಡಲು ಹೊರಟಾಗ ನಾನು ಅವರ ಮಣಿಕಟ್ಟು ಹಿಡಿದೆ.

"ಏನಣ್ಣಾ ಇದು!"

ಬೆಚ್ಚಿಬಿದ್ದರು. ಆದರೂ ಸಿರಿಂಜ್ ಮಾತ್ರ ಕೈಯಲ್ಲಿ ಅಲುಗಲಿಲ್ಲ. "ಸಿಸ್ಟರಮ್ಮ... ಯಜಮಾನ್ರದ್ದು."

"ಯಾರದ್ದು ಅಂತ ಕೇಳಲಿಲ್ಲ. ಐಸಿಂದ ಯಾಕೆ ತೆಗೆದ್ರಿ?"

"ಅವರಿಗೆ ಮೊದಲೇ ಚಳಿ ಜ್ವರ ಬಂದು ಹೋಗಿದೆ ಸಿಸ್ಟರಮ್ಮ. ಇಪ್ಪತ್ತೆರಡು ವರ್ಷದಿಂದ ನನ್ನ ತಲೆ ಅವರ ಕೈಯಲ್ಲಿ. ಬೇರೆಯವರದ್ದು ನೀವು ಹೇಳಿದ ಹಾಗೇ ಐಸಲ್ಲಿ ಇಟ್ಟು ಐದು ನಿಮಿಷದಲ್ಲಿ ಕೊಟ್ಟು ಬರ್ತೀನಿ. ಇವರ ರಕ್ತನ ಮಂಜುಗಡ್ಡೆ ಮೇಲೆ ಹಾಕಿ ಕುಲುಕಿಸ್ಕೊಂಡು ಓಡೋಕೆ ಮನಸ್ಸು ಬರಲ್ಲ. ಅದಕ್ಕೆ ಇವರದ್ದಕ್ಕೆ ಅಂತಲೇ ಬೇರೆ ಬರ್ತೀನಿ. ಬೆಚ್ಚಗೆ ಇಟ್ಕೊಂಡು, ನಿಧಾನಕ್ಕೆ. ಒಳಗಿರೋರು ಬೈತಾರೆ ಅಂತ ಇಲ್ಲಿ ಬಂದು ಮತ್ತೆ ಡಬ್ಬಿಗೆ ಹಾಕ್ತೀನಿ."

ನಾಲಿಗೆ ತುದಿಯವರೆಗೂ ಬಂದ ಬೈಗುಳ ಅಲ್ಲೇ ನಿಂತಿತು. ಪ್ರೀತಿಯಿಂದ ಮಾಡಿದ ತಪ್ಪಿಗೆ ಬೈಯುವುದನ್ನು ನನಗೆ ಯಾರೂ ಕಲಿಸಿಲ್ಲ. ಅಷ್ಟೇ ಅಲ್ಲ, ತಪ್ಪಿನಲ್ಲಿ ನನ್ನ ಪಾಲೂ ಇತ್ತು. ರಕ್ತ ತೆಗೆದ ಸಮಯವನ್ನು ಚೀಟಿಯ ಮೇಲೆ ಬರೆಯಬೇಕು. ಬರೆದಿದ್ದರೆ ಲ್ಯಾಬಿನವರು ಮೊದಲ ದಿನವೇ ಹಿಡಿಯುತ್ತಿದ್ದರು. ನಮ್ಮದೇ ಯಂತ್ರ ಪಕ್ಕದಲ್ಲಿದ್ದಾಗ ಅದರ ಅಗತ್ಯ ಬೀಳುತ್ತಿರಲಿಲ್ಲ. ಆ ಅಭ್ಯಾಸದಲ್ಲೇ ಮೂರು ದಿನದಿಂದ ಆ ಜಾಗ ಖಾಲಿ ಬಿಟ್ಟು ಸಹಿ ಹಾಕುತ್ತಿದ್ದವಳು ನಾನು. ಊರಿಗೆಲ್ಲ ಬುದ್ಧಿ ಹೇಳುವವಳು!

"ಅಣ್ಣಾ, ಸಿರಿಂಜಿನಲ್ಲಿದ್ದರೂ ರಕ್ತಕ್ಕೆ ಜೀವ ಇರುತ್ತೆ. ಬೆಚ್ಚಗಿಟ್ಟಷ್ಟೂ ಅದು ತನ್ನೊಳಗಿನ ಆಮ್ಲಜನಕವನ್ನ ತಿಂತಾ ಹೋಗುತ್ತೆ. ಐಸಲ್ಲಿ ಇಡೋದು ಅದನ್ನ ಮಲಗಿಸೋಕೆ" ಎಂದೆ.

ಅವರು ಸಿರಿಂಜನ್ನೂ ನನ್ನನ್ನೂ ನೋಡಿದರು. ಮುಖದ ಬಣ್ಣ ಹೋಯಿತು. "ಹಾಗಾದ್ರೆ ನಾಳೆ ಆ ತೂತು..."

"ಇನ್ನೂ ಆಗಿಲ್ಲ. ನಡೀರಿ."

ಡಾಕ್ಟರಿಗೆ ಎಲ್ಲ ಹೇಳಿದೆ, ನನ್ನ ಖಾಲಿ ಚೀಟಿಯನ್ನೂ ಸೇರಿಸಿ. ಅವರು ಯಜಮಾನರ ಫೈಲ್ ತೆರೆದರು. "ಬಿಳಿ ರಕ್ತಕಣ ನೋಡಿ ಸಿಸ್ಟರ್. ಹತ್ತು ಸಾವಿರ ಇರಬೇಕಾದ ಕಡೆ ಎಪ್ಪತ್ತು ಸಾವಿರ. ಸೋಂಕಿನ ಜೊತೆ ಹೊಡೆದಾಡೋಕೆ ಬಂದ ಸೈನ್ಯ ಇನ್ನೂ ವಾಪಸ್ ಹೋಗಿಲ್ಲ. ಅವಕ್ಕೆ ಹಸಿವು ಜಾಸ್ತಿ. ಮುಚ್ಚಿದ ಸಿರಿಂಜಿನಲ್ಲಿ ನಲವತ್ತು ನಿಮಿಷ ಬೆಚ್ಚಗೆ ಕೂತರೆ ಎಲ್ಲ ನುಂಗಿಬಿಡುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ." ಆಮೇಲೆ ಹಣೆಗೆ ಕೈ ಹಚ್ಚಿ ನಕ್ಕುಬಿಟ್ಟರು. "ರಕ್ತ ಸುಳ್ಳು ಹೇಳಲ್ಲ ಅಂತ ಎಷ್ಟು ಗತ್ತಿನಲ್ಲಿ ಹೇಳಿದ್ದೆ ನೋಡಿ ನಿಮಗೆ!"

"ರಕ್ತ ನಿಜಾನೇ ಹೇಳಿತು ಮೇಡಂ. ನಲವತ್ತು ನಿಮಿಷ ತಡವಾಗಿ."

ನಗು ಮುಗಿದ ಕೂಡಲೇ ಅವರು ಕೆಲಸಕ್ಕೆ ನಿಂತರು. ಸುಮ್ಮನೆ ಏರಿಸಿದ್ದ ಆಮ್ಲಜನಕವನ್ನು ಮೊದಲಿದ್ದ ಮಟ್ಟಕ್ಕೆ ಇಳಿಸಿದರು. ವೆಂಟಿಲೇಟರಿನ ಆಸರೆ ಕಡಿಮೆ ಮಾಡಿ, ಅರ್ಧ ಗಂಟೆ ಯಜಮಾನರು ಹೆಚ್ಚುಕಡಿಮೆ ತಾವೇ ಉಸಿರಾಡುವಂತೆ ಬಿಟ್ಟರು. ಅದರ ಕೊನೆಗೆ ಒಂದು ರಕ್ತ. ಅದು ತೊಂಬತ್ತೆರಡು ದಾಟಿದರೆ ಇವತ್ತೇ ಕೊಳವೆ ತೆಗೆಯುವುದು, ದಾಟದಿದ್ದರೆ ನಾಳೆ ಒಂಬತ್ತಕ್ಕೆ ತೂತು. ಯಜಮಾನರಿಗೆ ಇದನ್ನು ಬಿಡಿಸಿ ಹೇಳಿದಾಗ ಅವರು ಹಲಗೆ ಕೇಳಲಿಲ್ಲ. ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಅರ್ಧ ಗಂಟೆ ನಾನು ಅವರ ಎದೆ ಏರಿ ಇಳಿಯುವುದನ್ನೇ ನೋಡುತ್ತ ನಿಂತಿದ್ದೆ. ನನಗೆ ಭಯವಾಗಿತ್ತು. ಬೆರಳು ತೊಂಬತ್ತೈದು ಎನ್ನುತ್ತಿತ್ತು, ಆದರೆ ಕಪ್ಪು ಚರ್ಮದ ಬಗ್ಗೆ ಡಾಕ್ಟರ್ ಹೇಳಿದ್ದೂ ನಿಜವೇ ಆಗಿದ್ದರೆ?

ರಕ್ತ ತೆಗೆದು, ಸಮಯ ಬರೆದು, ಐಸಿನಲ್ಲಿಟ್ಟೆ. ಒಯ್ಯಲು ಕಿರಿಯ ನರ್ಸ್ ಒಬ್ಬಳು ತಯಾರಾಗಿ ನಿಂತಿದ್ದಳು. ಅಟೆಂಡರಣ್ಣ ಅಡ್ಡ ಬಂದು ಎರಡೂ ಕೈ ಚಾಚಿದರು.

"ನಾನು ಒಯ್ತೀನಿ."

"ಅಣ್ಣಾ, ಇದಕ್ಕೆ ಓಡಬೇಕು."

"ಓಡ್ತೀನಿ ಸಿಸ್ಟರಮ್ಮ."

ಡಾಕ್ಟರ್ ನನ್ನ ಮುಖ ನೋಡಿದರು. ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ನಾನು ಡಬ್ಬಿಯನ್ನು ಅವರ ಕೈಗೆ ಕೊಟ್ಟೆ.

ಕಿಟಕಿಯಿಂದ ಅಂಗಳ ಪೂರ್ತಿ ಕಾಣುತ್ತದೆ. ಅಟೆಂಡರಣ್ಣ ಮೆಟ್ಟಿಲ ಬಾಗಿಲಿನಿಂದ ಹೊರಬಿದ್ದದ್ದೇ ಬಿದ್ದದ್ದು, ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದು ಓಡಿದರು. ಓಟವೆಂದರೆ ಅದನ್ನು ಓಟವೆನ್ನಬೇಕೋ ಬೇಡವೋ. ಮಂಡಿ ಒಂದು ಕಡೆ, ಪಾದ ಇನ್ನೊಂದು ಕಡೆ, ಸ್ವೆಟರ್ ಹೊಟ್ಟೆಯ ಮೇಲಕ್ಕೆ. ಒಂದು ಚಪ್ಪಲಿ ಅಂಗಳದ ನಡುವೆ ಕಳಚಿಕೊಂಡಿತು. ತಿರುಗಿ ನೋಡಲಿಲ್ಲ. ಎದ್ದ ಕಲ್ಲುಗಳ ಮೇಲೆಯೇ ಹಾರಿದರು. ತೋಟದ ಮಾಲಿ ನೀರಿನ ಪೈಪು ಹಿಡಿದವನು ಹಾಗೇ ನಿಂತು ತನ್ನ ಕಾಲನ್ನೇ ತೋಯಿಸಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಅಟೆಂಡರಣ್ಣ ಓಡಿದ್ದನ್ನು ಆ ಆಸ್ಪತ್ರೆಯಲ್ಲಿ ಯಾರೂ ನೋಡಿರಲಿಲ್ಲ. ನಾವು ಮೂವರು ನರ್ಸುಗಳು ಕಿಟಕಿಯ ಗಾಜಿಗೆ ಮೂಗು ಒತ್ತಿ, "ಓಡಣ್ಣಾ, ಓಡು!" ಎಂದು ಕೂಗಿದೆವು. ಐಸಿಯುವಿನಲ್ಲಿ ಕೂಗಬಾರದೆಂದು ಬೋರ್ಡ್ ಹಾಕಿಸಿದವಳು ನಾನೇ.

ಎಂಟನೇ ನಿಮಿಷಕ್ಕೆ ಫೋನ್ ಬಂತು. ಲ್ಯಾಬಿನ ಅದೇ ಖಾರದ ಧ್ವನಿ. "ಸಿಸ್ಟರ್, ನಿಮ್ಮ ಮನುಷ್ಯ ಇಲ್ಲಿ ನೆಲದ ಮೇಲೆ ಕೂತು ಏದುಸಿರು ಬಿಡ್ತಿದ್ದಾರೆ, ಅವರ ಬೆರಳಿಗೂ ಒಂದು ಕ್ಲಿಪ್ ಹಾಕ್ಬೇಕೇನೋ. ಬರ್ಕೊಳ್ಳಿ. ನಾಲ್ಕನೇ ಬೆಡ್, ತೊಂಬತ್ತನಾಲ್ಕು."

"ಇನ್ನೊಂದ್ಸಲ ಹೇಳಿ."

"ಒಂಬತ್ತು, ನಾಲ್ಕು. ನಮ್ಮ ಯಂತ್ರದ ಕಣ್ಣು ಈಗ ಸರಿಯಾಗಿದೆಯಾ?"

"ಚಿನ್ನದಂಥ ಕಣ್ಣು. ಬೆಳಗ್ಗೆ ಅಂದಿದ್ದಕ್ಕೆ ಕ್ಷಮಿಸಿ" ಎಂದೆ. ನಾನು ಕ್ಷಮೆ ಕೇಳಿದ್ದನ್ನು ಪಕ್ಕದಲ್ಲಿದ್ದ ಇಬ್ಬರು ನರ್ಸುಗಳು ಕೇಳಿಸಿಕೊಂಡರು. ಇಡೀ ಆಸ್ಪತ್ರೆಗೆ ಆ ಸುದ್ದಿ ಹಬ್ಬಲು ಮತ್ತೆ ಎಂಟು ನಿಮಿಷವೂ ಹಿಡಿಯಲಿಲ್ಲ.

ಕೊಳವೆ ತೆಗೆಯುವುದು ನೋಡುವವರಿಗೆ ಕ್ಷಣದ ಕೆಲಸ. ಅಂಟುಪಟ್ಟಿ ಬಿಡಿಸಿ, ಗಂಟಲಿನ ಕಫ ಎಳೆದು, "ಜೋರಾಗಿ ಕೆಮ್ಮಿ" ಎಂದು ಡಾಕ್ಟರ್ ಹೇಳಿ ಎಳೆದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಯಜಮಾನರು ಕೆಮ್ಮಿದರು, ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಮಾಸ್ಕ್ ಹಾಕಿದೆ. ಎಲ್ಲರ ಕಣ್ಣೂ ಪರದೆಯ ಮೇಲೆ. ತೊಂಬತ್ತೆರಡು. ತೊಂಬತ್ತಮೂರು. ತೊಂಬತ್ತೈದು. ಅಲ್ಲಿಂದ ಅಂಕಿ ಅಲುಗಲಿಲ್ಲ.

"ಒಂದು ಮಾತಾಡಿ, ಧ್ವನಿ ಕೇಳೋಣ" ಎಂದರು ಡಾಕ್ಟರ್.

ಯಜಮಾನರು ಹೆಂಡತಿಯ ಕಡೆ ತಿರುಗಿದರು. ತುಕ್ಕು ಹಿಡಿದ ಬಾಗಿಲು ತೆರೆದಂಥ ಧ್ವನಿ ಹೊರಗೆ ಬಂತು. "ಊಟ ಆಯ್ತಾ?"

ಹದಿಮೂರು ದಿನ ಅತ್ತಿರದ ಹೆಂಡತಿ ಆಗ ಅತ್ತರು. ಅಳುತ್ತಲೇ, "ಇಲ್ಲ, ನೀವು ಮಾತಾಡಿ, ನೀವು ಮಾತಾಡ್ತಾನೇ ಇರಿ" ಎಂದರು. ಡಾಕ್ಟರ್ ಹೊರಗೆ ಏನೋ ಕೆಲಸವಿದೆ ಎಂದು ಹೋದರು. ನನಗೂ ಕಣ್ಣು ತುಂಬಿತು. ಅದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನನ್ನ ಜೀವನದಲ್ಲಿ ನಾನು ಕೇಳಿದ ಅತಿ ಚೆಂದದ ಎರಡು ಮಾತು ಅವು.

ಸಂಜೆ ಐದರ ಹೊತ್ತಿಗೆ ಹೆಂಡತಿ ನಿಜಕ್ಕೂ ಊಟಕ್ಕೆ ಹೋದರು. ಅಟೆಂಡರಣ್ಣ ಪರದೆಯ ಪಕ್ಕ ಬಂದು ನಿಂತಿದ್ದರು. ಹೇಳುವುದು ಬೇಡ, ನಾನು ಡಾಕ್ಟರಿಗೆ ಹೇಳಿದ್ದೇ ಸಾಕು ಎಂದು ಕಣ್ಸನ್ನೆ ಮಾಡಿದೆ. ಅವರು ತಲೆ ಅಡ್ಡಡ್ಡ ಆಡಿಸಿ ಮಂಚದ ಹತ್ತಿರ ಹೋದರು.

"ಯಜಮಾನ್ರೇ, ನಿಮ್ಮನ್ನ ಮೂರು ದಿನ ಜಾಸ್ತಿ ಇಲ್ಲಿ ಮಲಗಿಸಿದ್ದು ನಾನು" ಎಂದು ಶುರು ಮಾಡಿ, ಜೇಬು, ಕರವಸ್ತ್ರ, ಇಳಿಜಾರು, ಬೆಂಚು, ಒಂದನ್ನೂ ಬಿಡದೆ ಹೇಳಿದರು. "ನಿಮ್ಮ ಕುತ್ತಿಗೆಗೆ ನಾಳೆ ತೂತು ಬೀಳ್ತಿತ್ತು, ನನ್ನಿಂದ."

ಯಜಮಾನರು ನಡುವೆ ಒಂದು ಮಾತೂ ಆಡದೆ ಕೇಳಿಸಿಕೊಂಡರು. ಇಪ್ಪತ್ತೆರಡು ವರ್ಷದ ಸ್ನೇಹ ಇಲ್ಲಿಗೆ ಮುಗಿಯಿತೇನೋ ಎಂದುಕೊಂಡೆ. ಅವರು ಬೆರಳಾಡಿಸಿ ಹತ್ತಿರ ಕರೆದರು. ಅಟೆಂಡರಣ್ಣ ಬಗ್ಗಿದರು. ಯಜಮಾನರು ಕ್ಲಿಪ್ ಇಲ್ಲದ ಕೈಯನ್ನು ನಿಧಾನವಾಗಿ ಎತ್ತಿ, ಅವರ ಕಿವಿಯ ಮೇಲೆ ಇಳಿದಿದ್ದ ಕೂದಲನ್ನು ಎರಡು ಬೆರಳ ನಡುವೆ ಹಿಡಿದು ನೋಡಿದರು.

"ಏನಿದು ಕಾಡು?" ಎಂದರು, ಅದೇ ಒರಟು ಧ್ವನಿಯಲ್ಲಿ. "ಬೇರೆ ಎಲ್ಲೂ ಮಾಡಿಸ್ಕೊಳ್ಳಲಿಲ್ವಾ?"

"ಎಲ್ಲಿಗೆ ಹೋಗ್ಲಿ? ನೀವು ಇಲ್ಲಿದ್ರಲ್ಲ."

"ಅಂಗಡಿ ತೆಗೆದ ದಿನ ಮೊದಲ ಕುರ್ಚಿ ನಿನ್ನದು." ಕೈ ಇನ್ನೂ ಕಿವಿಯ ಹತ್ತಿರವೇ ಇತ್ತು, ಎರಡು ಬೆರಳು ಕತ್ತರಿಯ ಹಾಗೆ ಒಮ್ಮೆ ಕೂಡಿ ಬಿಟ್ಟವು. "ಅಳಬೇಡ. ತಲೆ ಅಲ್ಲಾಡುತ್ತೆ."

ಅಟೆಂಡರಣ್ಣ ತಲೆ ಅಲ್ಲಾಡಿಸದೆ ಅಳುತ್ತ ನಿಂತರು.